ಡೇ ಕೇರ್ ಮಕ್ಕಳ ವಾರದ ಊಟ–ತಿಂಡಿ: ಮೊದಲು ಹೊತ್ತು, ಆಮೇಲೆ ಅಳತೆ, ಕೊನೆಗೆ ಮೆನು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಡೇ ಕೇರ್‌ಗಳ ಗೋಡೆಯಲ್ಲಿ ವಾರದ ಮೆನು ಚಂದವಾಗಿಯೇ ತೂಗುತ್ತಿರುತ್ತದೆ. ಎಡವಟ್ಟಾಗುವುದು ಮಧ್ಯಾಹ್ನ ಹನ್ನೆರಡೂವರೆಗೆ. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯುತ್ತದೆ, ಮೂರು ಗಂಟೆಗೆ ಅದೇ ಮಕ್ಕಳು ಹಸಿವೆಂದು ಅಳುತ್ತಾರೆ, ಆಗ ಕೈಗೆ ಬಿಸ್ಕತ್ತು ಬರುತ್ತದೆ. ಮರುದಿನ ಅಡುಗೆಯವರು ಸಾಂಬಾರಿನ ಬದಲು ಗಸಿ ಮಾಡಿ ನೋಡುತ್ತಾರೆ. ಅದೂ ಉಳಿಯುತ್ತದೆ. ಪದಾರ್ಥದ ಹೆಸರುಗಳನ್ನು ಮೊದಲು ಬರೆದು, ಹೊತ್ತನ್ನೂ ಅಳತೆಯನ್ನೂ ಕೈ ಅಂದಾಜಿಗೆ ಬಿಟ್ಟಲ್ಲೆಲ್ಲ ಹೀಗೆಯೇ ಆಗುವುದು. ಕೆಳಗಿನ ಕ್ರಮದಲ್ಲಿ ಮೆನು ಬರೆಯುವುದು ನಾಲ್ಕನೇ ಹಂತದಲ್ಲಿ. ಮೊದಲ ಮೂರನ್ನು ಹಾರಿಸಿ ಅಲ್ಲಿಗೆ ಹೋಗಬೇಡಿ.

ಕೈಗೆ ಸಿಗುವಂತಿರಬೇಕಾದ ಸಾಮಾನು

5 ಕಿಲೋ ತೂಗುವ ಡಿಜಿಟಲ್ ತಕ್ಕಡಿ, 200 ಮಿ.ಲೀ. ಅಳತೆಯ ಲೋಟ, ಬಡಿಸಲು ಒಂದೇ ಗಾತ್ರದ ಎರಡು ಸೌಟು, ಅಡುಗೆಯ ಥರ್ಮಾಮೀಟರ್, ಮೀನು–ಮೊಟ್ಟೆಗೆ ಬೇರೆ ಮತ್ತು ತರಕಾರಿಗೆ ಬೇರೆ ಹಲಗೆ–ಚೂರಿ, ಮುಚ್ಚಳ ಬಿಗಿಯಾಗುವ ಸ್ಟೀಲ್ ಡಬ್ಬಗಳು, ಒಂದು ಗೆರೆ ಹಾಕಿದ ಪುಸ್ತಕ. ಇವುಗಳಲ್ಲಿ ತಕ್ಕಡಿಯೊಂದು ಇಲ್ಲದಿದ್ದರೆ ಮೂರನೇ ಹಂತವೇ ನಡೆಯುವುದಿಲ್ಲ.

ಹಂತ 1: ಮಕ್ಕಳ ಪಟ್ಟಿ

ಮಕ್ಕಳನ್ನು ಮೂರು ಗುಂಪು ಮಾಡಿ: 6ರಿಂದ 12 ತಿಂಗಳು, 1ರಿಂದ 3 ವರ್ಷ, 3ರಿಂದ 6 ವರ್ಷ. ತರಗತಿಯ ಹೆಸರಿನಲ್ಲಿ ವಿಂಗಡಿಸಬೇಡಿ, ಹುಟ್ಟಿದ ದಿನಾಂಕ ನೋಡಿ ವಿಂಗಡಿಸಿ.

ಹೆತ್ತವರಿಂದ ಬರೆಸಿಕೊಳ್ಳುವ ಫಾರಂ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ನಮ್ಮ ಕಡೆ ಒಂದೇ ಕೋಣೆಯಲ್ಲಿ ತುಳು, ಹವ್ಯಕ, ಬ್ಯಾರಿ, ಮಲಯಾಳ ಮಾತಾಡುವ ಮನೆಗಳ ಮಕ್ಕಳಿರುತ್ತಾರೆ. ಬಾಯಿಮಾತಿನಲ್ಲಿ ಹೇಳಿಸಿಕೊಂಡದ್ದು ಅಡುಗೆಮನೆಗೆ ತಲುಪುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. "ಅಲರ್ಜಿ ಉಂಟಾ?" ಎಂದಷ್ಟೇ ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುವುದು. ಹಾಲು, ಮೊಟ್ಟೆ, ನೆಲಗಡಲೆ, ಗೋಧಿ, ಸೋಯಾ, ಮೀನು, ಸಿಗಡಿ ಎಂದು ಒಂದೊಂದನ್ನೇ ಹೆಸರಿಸಿ, ತಿಂದಾಗ ಮೈ ತುರಿಸಿದ್ದುಂಟಾ, ತುಟಿ ಊದಿದ್ದುಂಟಾ, ವಾಂತಿಯಾದದ್ದುಂಟಾ ಎಂದು ಬಿಡಿಸಿ ಕೇಳಿ. ಉತ್ತರ "ಹೌದು" ಆದರೆ ಆ ಮಗುವಿನ ಹೆಸರು ಮತ್ತು ಪದಾರ್ಥ ಅಡುಗೆ ಮಾಡುವ ಜಾಗದ ಎದುರು ಗೋಡೆಯಲ್ಲಿ ಇರಬೇಕು. ಆಫೀಸಿನ ಫೈಲಿನೊಳಗೆ ಇದ್ದರೆ ಪ್ರಯೋಜನವಿಲ್ಲ.

ಬೆಳಿಗ್ಗೆ ಮನೆಯಲ್ಲಿ ಎಷ್ಟು ಗಂಟೆಗೆ, ಏನು ತಿಂದು ಬರುತ್ತದೆ ಎಂಬುದನ್ನೂ ಬರೆಸಿ. ಎರಡನೇ ಹಂತಕ್ಕೆ ಇದೇ ಬೇಕಾಗುವುದು.

ಮೊಟ್ಟೆ–ಮೀನು ತಿನ್ನದ ಮನೆಯ ಮಕ್ಕಳಿಗೆ ಬೇರೆ ಪಾತ್ರೆ, ಬೇರೆ ಸೌಟು. ಮೊಟ್ಟೆಯ ದಿನ ಅವರ ತಟ್ಟೆ ಬರಿದಾಗುವುದು ಸಾಮಾನ್ಯ ತಪ್ಪು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಅಷ್ಟೇ ಸಿಗಬೇಕಾದರೆ 30–35 ಗ್ರಾಂ ಪನೀರ್ ಅಥವಾ ಸುಮಾರು 25 ಗ್ರಾಂ ಒಣ ಹೆಸರುಕಾಳು ಬೇಕು. ಒಂದು ಬಾಳೆಹಣ್ಣು ಕೊಟ್ಟು ಸರಿದೂಗಿಸಿದೆವು ಎಂದುಕೊಳ್ಳಬೇಡಿ.

ಹಂತ 2: ಹೊತ್ತು

ಚಿಕ್ಕ ಮಕ್ಕಳ ಹೊಟ್ಟೆ ಚಿಕ್ಕದು. ಒಮ್ಮೆಗೆ ಹೆಚ್ಚು ಹಿಡಿಸುವುದಿಲ್ಲ, ಬೇಗ ಖಾಲಿಯಾಗುತ್ತದೆ. ಎರಡೂವರೆಯಿಂದ ಮೂರು ಗಂಟೆಯ ಅಂತರ ಸರಿಹೋಗುತ್ತದೆ: 9.45ಕ್ಕೆ ತಿಂಡಿ, 12.30ಕ್ಕೆ ಊಟ, 3.30ಕ್ಕೆ ಸಂಜೆ ತಿಂಡಿ. ಒಂದರಿಂದ ಮೂರರೊಳಗಿನವರಿಗೆ ಊಟ 12ಕ್ಕೇ ಆಗಲಿ. ನಿದ್ದೆ ಹತ್ತಿದ ಮಗು ಉಣ್ಣುವುದಿಲ್ಲ, ಬಾಯಲ್ಲಿ ತುತ್ತು ಇಟ್ಟುಕೊಂಡೇ ತೂಕಡಿಸುತ್ತದೆ, ಅದು ಅಪಾಯವೂ ಹೌದು.

10.15ರ ನಂತರ ಊಟದವರೆಗೆ ನೀರು ಬಿಟ್ಟು ಬೇರೇನೂ ಇಲ್ಲ. ಹಾಲೂ ಇಲ್ಲ. ತಟ್ಟೆಯಲ್ಲಿ ಅನ್ನ ಉಳಿಯುವುದಕ್ಕೆ 11 ಗಂಟೆಯ ಹಾಲಿಗಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಹಾಲು ಸಂಜೆ ತಿಂಡಿಯ ಜತೆಗೆ ಇರಲಿ. ಊಟದ ಜತೆ ಹಾಲು ಕೊಟ್ಟರೆ ಬೇಳೆ–ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ಚಹಾ ಯಾವ ಹೊತ್ತಿಗೂ ಬೇಡ, ಹಾಲು ಜಾಸ್ತಿ ಹಾಕಿದ್ದಾದರೂ ಬೇಡ.

ಎಂಟು ಗಂಟೆಗೇ ಬಂದು ಸೇರುವ, ಮನೆಯಲ್ಲಿ ಏನೂ ತಿನ್ನದ ಮಕ್ಕಳು ಎಲ್ಲ ಕಡೆಯೂ ಇರುತ್ತಾರೆ. ಅವರಿಗೆ 8.15ರ ಒಳಗೆ ಒಂದು ಇಡ್ಲಿ ಅಥವಾ ಒಂದು ನೀರುದೋಸೆ ಕೊಟ್ಟುಬಿಡಿ. ತಡಮಾಡಿ 9ಕ್ಕೆ ಕೊಟ್ಟರೆ ಇಡೀ ದಿನದ ಹೊತ್ತು ಜಾರುತ್ತದೆ.

ಹಂತ 3: ಅಳತೆ

ಐಸಿಎಂಆರ್–ಎನ್‌ಐಎನ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪೋಷಣಾ ಸಂಸ್ಥೆ) ಲೆಕ್ಕದಲ್ಲಿ 1–3 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1000 ಕಿಲೋ ಕ್ಯಾಲರಿ, 4–6 ವರ್ಷದ ಮಗುವಿಗೆ ಸುಮಾರು 1350 ಬೇಕು. ಎಂಟು ಗಂಟೆ ನಿಮ್ಮಲ್ಲಿರುವ ಮಗುವಿಗೆ ಅದರಲ್ಲಿ ಅರ್ಧಕ್ಕಿಂತ ಕಡಿಮೆಯಾಗಬಾರದು. ಅಂದರೆ ದೊಡ್ಡ ಗುಂಪಿಗೆ ಸುಮಾರು 700, ಚಿಕ್ಕ ಗುಂಪಿಗೆ 500.

ಊಟಕ್ಕೆ ಒಂದು ಮಗುವಿನ ಹಸಿ ಅಳತೆ ಹೀಗೆ. 3–6 ವರ್ಷ: ಅಕ್ಕಿ 60 ಗ್ರಾಂ, ಬೇಳೆ ಅಥವಾ ಕಾಳು 20 ಗ್ರಾಂ, ಹೆಚ್ಚಿದ ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ, ತೆಂಗಿನತುರಿ 10 ಗ್ರಾಂ. 1–3 ವರ್ಷ: ಅಕ್ಕಿ 35, ಬೇಳೆ 15, ತರಕಾರಿ 30, ಎಣ್ಣೆ 5, ತುರಿ 10. ಚಿಕ್ಕವರಿಗೆ ಎಣ್ಣೆ ಕಡಿಮೆ ಮಾಡದಿರುವುದು ಬೇಕೆಂದೇ: ಅವರು ಉಣ್ಣುವ ಪ್ರಮಾಣ ಕಡಿಮೆ, ಆದ್ದರಿಂದ ತುತ್ತಿನೊಳಗೆ ಶಕ್ತಿ ಹೆಚ್ಚಿರಬೇಕು.

ದೊಡ್ಡವರು 12, ಚಿಕ್ಕವರು 8, ಒಟ್ಟು 20 ಮಕ್ಕಳಿದ್ದರೆ ಒಂದು ಊಟಕ್ಕೆ ಅಕ್ಕಿ 1 ಕಿಲೋ, ಬೇಳೆ 360 ಗ್ರಾಂ, ಹೆಚ್ಚಿ ತೂಗಿದ ತರಕಾರಿ 840 ಗ್ರಾಂ, ಎಣ್ಣೆ 100 ಗ್ರಾಂ, ತುರಿ 200 ಗ್ರಾಂ. ಸಿಪ್ಪೆ–ದಂಟು ಹೋಗುವುದರಿಂದ ತರಕಾರಿ 1 ಕಿಲೋ ತರಬೇಕು. ಹರಿವೆ, ಬಸಳೆಯಂಥವಕ್ಕೆ ಇನ್ನೂ ಹೆಚ್ಚು. ಅಡುಗೆಯವರು "ಮೂರು ಹಿಡಿ ಬೇಳೆ ಸಾಕು" ಎಂದರೆ ಆ ಮೂರು ಹಿಡಿಯನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಿ. ನೂರೈವತ್ತು ಗ್ರಾಂ ಸುತ್ತಮುತ್ತ ಬರುತ್ತದೆ. ಬೇಳೆ ಮುಳುಗಿ ಹುಳಿನೀರು ಮಾತ್ರ ತೇಲುವ ಸಾಂಬಾರಿನ ಗುಟ್ಟು ಅಲ್ಲಿದೆ.

ಗಂಜಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕುಚ್ಚಲಕ್ಕಿ ಗಂಜಿ ಮಕ್ಕಳಿಗೆ ಒಳ್ಳೆಯದೇ, ಆದರೆ ದೊಡ್ಡವರು ಉಣ್ಣುವ ತೆಳಿ ಹೆಚ್ಚಿನ ಗಂಜಿ ಮಗುವಿನ ಹೊಟ್ಟೆಯನ್ನು ನೀರಿನಿಂದ ತುಂಬಿಸುತ್ತದೆ. ಸೌಟಿನಿಂದ ಎತ್ತಿ ಬಗ್ಗಿಸಿದಾಗ ಧಾರೆಯಾಗಿ ಇಳಿದರೆ ಅದು ತೆಳು. ಸೌಟಿಗೆ ಅಂಟಿ, ಉಂಡೆಯುಂಡೆಯಾಗಿ ನಿಧಾನ ಜಾರಿದರೆ ಹದ ಸರಿ. ಒಂದು ಹಿಡಿ ಹೆಸರುಬೇಳೆ ಅಕ್ಕಿಯ ಜತೆಗೇ ಬೇಯಿಸಿ, ಇಳಿಸುವ ಮೊದಲು ತೆಂಗಿನಹಾಲು ಹಾಕಿ ಒಂದು ಕುದಿ ಬರಿಸಿದರೆ ಅದು ಪೂರ್ತಿ ಊಟವಾಗುತ್ತದೆ. ಉಪ್ಪಿನಕಾಯಿ ನೆಂಚಿಕೊಳ್ಳಲು ಕೊಡುವ ಅಭ್ಯಾಸ ಬಿಡಿ.

ಹಂತ 4: ವಾರದ ಮೆನು

ಬರೆಯುವ ಕ್ರಮ ಮುಖ್ಯ. ಮೊದಲು ಐದು ದಿನದ ಕಾಳು–ಬೇಳೆ–ಮೊಟ್ಟೆ ಬರೆಯಿರಿ. ಎರಡನೆಯದಾಗಿ ದಿನಕ್ಕೊಂದು ಕಡುಹಸಿರು ಸೊಪ್ಪು ಅಥವಾ ಹಳದಿ–ಕೇಸರಿ ತರಕಾರಿ. ಮೂರನೆಯದು ಹಣ್ಣು. ಅನ್ನವೋ ದೋಸೆಯೋ ಎಂಬುದು ಕೊನೆಗೆ. ಅದು ಹೇಗೂ ಇದ್ದೇ ಇರುತ್ತದೆ.

ಒಂದು ಮಾದರಿ ವಾರ:

ಸೋಮವಾರ ಬೆಳಿಗ್ಗೆ ಬೇಯಿಸಿದ ಹೆಸರುಕಾಳು, ತುರಿ, ಬೆಲ್ಲ. ಮಧ್ಯಾಹ್ನ ಅನ್ನ, ಸಿಹಿಗುಂಬಳದ ಸಾಂಬಾರು, ಕೆಂಪು ಹರಿವೆ ಪಲ್ಯ. ಸಂಜೆ ರಾಗಿ ಮಣ್ಣಿ.

ಮಂಗಳವಾರ ಮೊಟ್ಟೆ ಮತ್ತು ಪಪ್ಪಾಯಿ. ಊಟಕ್ಕೆ ಅಲಸಂಡೆಕಾಳಿನ ಗಸಿ, ತುರಿದ ಮುಳ್ಳುಸೌತೆ. ಸಂಜೆ ತೆಳು ಅವಲಕ್ಕಿ, ಮೊಸರು, ಬಾಳೆಹಣ್ಣು.

ಬುಧವಾರ ಇಡ್ಲಿ, ಬೇಳೆ ಹೆಚ್ಚಿರುವ ತೊವ್ವೆ. ಊಟಕ್ಕೆ ಹೆಸರುಬೇಳೆ–ನುಗ್ಗೆಸೊಪ್ಪು, ಪುನರ್ಪುಳಿ ಸಾರು. ಸಂಜೆ ಬೇಯಿಸಿದ ಸಿಹಿಗೆಣಸು, ಹಾಲು.

ಗುರುವಾರ ಒತ್ತುಶ್ಯಾವಿಗೆ, ಬೇಯಿಸಿ ಹಿಸುಕಿದ ಕಡಲೆ. ಊಟಕ್ಕೆ ಬಸಳೆ–ತೊಗರಿಬೇಳೆ ಪದಾರ್ಥ, ಮೊಟ್ಟೆ. ಸಂಜೆ ಹಣ್ಣಾದ ನೇಂದ್ರಬಾಳೆಯನ್ನು ಹಬೆಯಲ್ಲಿ ಬೇಯಿಸಿ.

ಶುಕ್ರವಾರ ನೀರುದೋಸೆ ಬೇಡ, ಉದ್ದಿನದೋಸೆ ಇರಲಿ. ನೀರುದೋಸೆಯಲ್ಲಿ ಅಕ್ಕಿ ಬಿಟ್ಟರೆ ಬೇರೇನಿಲ್ಲ. ಊಟಕ್ಕೆ ತರಕಾರಿ ಹಾಕಿದ ಬೇಳೆಗಂಜಿ, ಸಂಜೆ ಹುರಿದ ನೆಲಗಡಲೆಯ ನುಣ್ಣನೆ ಪುಡಿ ಕಲಸಿದ ಅವಲಕ್ಕಿ.

ಶನಿವಾರವೂ ತೆರೆದಿರುವವರು ಸೋಮವಾರದ್ದನ್ನೇ ಹೆಸರುಕಾಳಿನ ಬದಲು ಕಡಲೆ ಹಾಕಿ ಮಾಡಿದರೆ ಸಾಕು.

ಎರಡು ವಾರದ ಮೆನು ಮಾಡಿ ತಿರುಗಿಸುವುದೇ ಒಳ್ಳೆಯದು. ನಾಲ್ಕು ವಾರದ ಮೆನು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಮಳೆಗಾಲದಲ್ಲಿ ಒಂದು ಕಷ್ಟ ಉಂಟು. ಬಾಳೆನಾರಿನಲ್ಲಿ ಕಟ್ಟಿ ತೂಗಹಾಕಿದ ಸೌತೆ, ಬೂದುಗುಂಬಳ, ಹೀರೆ ಇವೇ ಸುಲಭಕ್ಕೆ ಸಿಗುವುದು. ಇವೆಲ್ಲ ನೀರೇ ಹೆಚ್ಚಿರುವ, ಬಣ್ಣವಿಲ್ಲದ ತರಕಾರಿಗಳು. ವಾರದ ಪಟ್ಟಿಯಲ್ಲಿ ಬರೇ ಇವೇ ಕಂಡರೆ ಸಿಹಿಗುಂಬಳ, ಕ್ಯಾರೆಟ್, ಬಸಳೆ ಎರಡು ದಿನವಾದರೂ ಸೇರಿಸಿ. ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನುಗ್ಗೆಸೊಪ್ಪು ತಿನ್ನದ ಮನೆಗಳಿವೆ, ಆಗ ಹರಿವೆ ಸಾಕು. ಗುಡ್ಡದಿಂದ ಕಿತ್ತು ತಂದ ತಜಂಕ್ ಸೊಪ್ಪು ಮನೆಯಲ್ಲಿ ಎಷ್ಟೇ ಪ್ರೀತಿಯದಾದರೂ ಡೇ ಕೇರ್ ಅಡುಗೆಗೆ ತರಬೇಡಿ: ನೋಡಲು ಅದನ್ನೇ ಹೋಲುವ ಅದರ ಹತ್ತಿರದ ಗಿಡಗಳಲ್ಲಿ ಮಕ್ಕಳಿಗೆ ವಿಷವಾಗುವಂಥದ್ದೂ ಇದೆ. ಮರಗೆಣಸು ಮಾಡುವುದಾದರೆ ಸಿಪ್ಪೆ ದಪ್ಪಗೆ ತೆಗೆದು, ಹೆಚ್ಚಿ, ತುಂಬ ನೀರಿನಲ್ಲಿ ಮುಚ್ಚಳ ತೆರೆದೇ ಬೇಯಿಸಿ ನೀರು ಬಸಿದು ಚೆಲ್ಲಿ. ಕಹಿ ಹತ್ತಿದ ಗೆಡ್ಡೆಯನ್ನು ಹಾಗೆಯೇ ಎಸೆಯಿರಿ.

ಹಂತ 5: ತಿಂಡಿ

ತಿಂಡಿಯನ್ನು ಊಟದ ನಡುವಿನ ಸಮಾಧಾನದ ವಸ್ತು ಎಂದು ತಿಳಿಯುವುದರಿಂದಲೇ ಹೆಚ್ಚಿನ ಮೆನುಗಳು ಸೋಲುವುದು. ದೊಡ್ಡ ಗುಂಪಿನ ದಿನದ 700 ಕಿಲೋ ಕ್ಯಾಲರಿಯಲ್ಲಿ ಊಟ ಕೊಡುವುದು 380ರ ಸುಮಾರಿಗೆ. ಉಳಿದದ್ದೆಲ್ಲ ಎರಡು ತಿಂಡಿಗಳಿಂದಲೇ ಬರಬೇಕು. ನಾಲ್ಕು ಸಿಹಿ ಬಿಸ್ಕತ್ತು ಸುಮಾರು 20 ಗ್ರಾಂ, ಅದರಲ್ಲಿ ಪ್ರೋಟೀನು ಒಂದೂವರೆ ಗ್ರಾಂ ಕೂಡ ಇರುವುದಿಲ್ಲ. ಅಷ್ಟೇ ತೂಕದ ಒಣ ಹೆಸರುಕಾಳಿನಲ್ಲಿ ಹತ್ತಿರ ಹತ್ತಿರ 5 ಗ್ರಾಂ ಇದೆ. ರಸ್ಕ್, ಮಿಕ್ಸ್ಚರ್, ನೇಂದ್ರ ಚಿಪ್ಸ್, ಗೋಳಿಬಜೆ ಇವನ್ನು ಪಟ್ಟಿಯಿಂದ ತೆಗೆಯಿರಿ. ಹುಟ್ಟುಹಬ್ಬಕ್ಕೆ ಹೆತ್ತವರು ತರುವ ಟಾಫಿ–ಕೇಕನ್ನು ಮಗುವಿನ ಚೀಲಕ್ಕೆ ಹಾಕಿ ಮನೆಗೆ ಕಳುಹಿಸಿ, ಜಗಳವೇ ಇರುವುದಿಲ್ಲ.

*ಹೆಸರುಕಾಳು, 20 ಮಕ್ಕಳಿಗೆ.* ಕಾಳು 360 ಗ್ರಾಂ ರಾತ್ರಿ ನೆನೆಸಿ. ಬೆಳಿಗ್ಗೆ ನೀರು ಚೆಲ್ಲಿ, ತೊಳೆದು, ಕುಕ್ಕರಿನಲ್ಲಿ ಎರಡು ವಿಸಿಲ್. ಬೆಲ್ಲ 100 ಗ್ರಾಂ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಹಾಕಿ, ತುರಿ 150 ಗ್ರಾಂ ಸೇರಿಸಿ ಐದು ನಿಮಿಷ ಕುದಿಸಿ. ಮೂರು ವರ್ಷದೊಳಗಿನವರ ಪಾಲನ್ನು ಸೌಟಿನ ಬೆನ್ನಿನಿಂದ ಹಿಸುಕಿ. ಬೆಲ್ಲದ ಬದಲು ಒಗ್ಗರಣೆ ಹಾಕಿ ಲಿಂಬೆ ಹಿಂಡಿದರೆ ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ವಾರದಲ್ಲಿ ಒಮ್ಮೆ ಸಿಹಿ, ಒಮ್ಮೆ ಖಾರವಿಲ್ಲದ ಉಸ್ಲಿ ಹೀಗೆ ಬದಲಿಸಿ. ಮೊಳಕೆ ಬರಿಸಿದ ಕಾಳನ್ನು ಹಸಿಯಾಗಿ ಕೊಡಬೇಡಿ.

*ರಾಗಿ ಮಣ್ಣಿ, 20 ಮಕ್ಕಳಿಗೆ.* ರಾಗಿಹಿಟ್ಟು 360 ಗ್ರಾಂ, ಹಾಲು ಒಂದೂವರೆ ಲೀಟರ್, ನೀರು 1 ಲೀಟರ್, ಬೆಲ್ಲ 150 ಗ್ರಾಂ. ಹಿಟ್ಟನ್ನು ತಣ್ಣೀರಿನಲ್ಲೇ ಕಲಸಬೇಕು. ಬಿಸಿನೀರಿಗೆ ಹಿಟ್ಟು ಉದುರಿಸಿದರೆ ಗಂಟಾಗುತ್ತದೆ, ಗಂಟಿನೊಳಗೆ ಹಸಿಹಿಟ್ಟು ಉಳಿಯುತ್ತದೆ. ಸಣ್ಣ ಉರಿಯಲ್ಲಿ ತಳ ಬಿಡದೆ ಮಗುಚಿ. ಮಾಸಲು ಬಣ್ಣ ಹೋಗಿ ಕಡುಕಂದಾಗಿ, ಮೇಲ್ಮೈ ಮಿರುಗಿ, ಪಾತ್ರೆಯ ಅಂಚು ಬಿಡತೊಡಗಿದಾಗ ಬೆಂದಿತು. ಬಿಸಿ ಮಾಡಿದ ಹಾಲನ್ನು ಆಗ ಸೇರಿಸಿ ಕುದಿಸಿ. ಬೆಲ್ಲದ ಪಾಕ ಒಲೆಯಿಂದ ಇಳಿಸಿ, ತುಸು ಆರಿದ ಮೇಲೆ; ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ. ರಾಗಿ ನೆನೆಸಿ ಅರೆದು ಬಟ್ಟೆಯಲ್ಲಿ ಸೋಸುವ ಕ್ರಮ ಒಂದು ವರ್ಷದೊಳಗಿನವರಿಗೆ ಮಾತ್ರ ಸಾಕು, ದೊಡ್ಡ ಮಕ್ಕಳಿಗೆ ಸೋಸದೆ ಕೊಡಿ.

ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಟನೆ) ಘಟಕಗಳ ಅಮೃತಂ ನ್ಯೂಟ್ರಿಮಿಕ್ಸ್ ಎಂಬ ಪೌಷ್ಟಿಕ ಹಿಟ್ಟು ಅಂಗನವಾಡಿಯಿಂದ ಮೂರು ವರ್ಷದೊಳಗಿನ ಮಕ್ಕಳ ಮನೆಗೆ ಬರುತ್ತದೆ. ಹೆತ್ತವರು ಅದನ್ನು ಕಳುಹಿಸಿದರೆ ಇದೇ ರೀತಿ ಮಣ್ಣಿ ಮಾಡಬಹುದು. ಅದರಲ್ಲಿ ಸಕ್ಕರೆ ಮೊದಲೇ ಇದೆ, ಮತ್ತೆ ಬೆಲ್ಲ ಹಾಕಬೇಡಿ. ಗೋಧಿ, ಸೋಯಾ, ನೆಲಗಡಲೆ ಇರುವುದರಿಂದ ಅಲರ್ಜಿ ಪಟ್ಟಿ ನೋಡಿಯೇ ಕೊಡಿ.

*6–12 ತಿಂಗಳ ಮಕ್ಕಳು.* ಎದೆಹಾಲು ಮುಂದುವರಿಯಬೇಕು. ಹಿಂಡಿ ಕಳುಹಿಸಿದ ಹಾಲನ್ನು ನಮ್ಮ ಸೆಕೆಯಲ್ಲಿ ಹೊರಗೆ ಇಡದೆ ಬಂದ ಕೂಡಲೇ ಫ್ರಿಜ್ಜಿಗೆ ಹಾಕಿ, ಹೆಸರು–ಸಮಯ ಬರೆದು. ಬಾಟ್ಲಿ ಬೇಡ, ಲೋಟ–ಚಮಚ ಸಾಕು. ಇವರ ಪಾಲನ್ನು ಉಪ್ಪು, ಸಕ್ಕರೆ ಹಾಕುವ ಮೊದಲೇ ತೆಗೆದಿಡಿ. ವರ್ಷ ತುಂಬುವ ಮೊದಲು ಜೇನುತುಪ್ಪ ಒಂದು ಹನಿಯೂ ಬೇಡ, ಬೊಟುಲಿಸಂ ಎಂಬ ನಂಜಿನ ಭಯವಿದೆ; ದನದ ಹಾಲನ್ನು ಕುಡಿಯುವ ಮುಖ್ಯ ಹಾಲಾಗಿ ಕೊಡುವುದೂ ಬೇಡ.

ಹಂತ 6: ಗಂಟಲಿಗೆ ಸಿಕ್ಕುವಂಥವು

ನಾಲ್ಕು ವರ್ಷದೊಳಗಿನವರಿಗೆ ಇಡೀ ನೆಲಗಡಲೆ, ಹುರಿಗಡಲೆ, ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಚಕ್ಕುಲಿ, ಹಲಸಿನ ಬೀಜದ ದೊಡ್ಡ ಹೋಳು, ಗಟ್ಟಿ ಕೊಬ್ಬರಿ ತುಂಡು ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಅಡ್ಡ ಕತ್ತರಿಸಿದರೆ ಅದು ಮತ್ತೆ ಗುಂಡಗೇ ಉಳಿಯುತ್ತದೆ. ರಂಬುಟಾನ್ ಕಾಲದಲ್ಲಿ ಬೀಜ ತೆಗೆದು, ತಿರುಳು ಬಿಡಿಸಿಯೇ ಕೊಡಬೇಕು. ಮೊಟ್ಟೆ ಕುದಿ ಬಂದ ಮೇಲೆ 10–12 ನಿಮಿಷ ಬೇಯಲಿ, ಆದರೆ ಒಣಗಿದ ಹಳದಿ ಅಂಗುಳಿಗೆ ಮೆತ್ತುತ್ತದೆ, ಚಿಕ್ಕವರಿಗೆ ಅನ್ನದಲ್ಲಿ ಕಲಸಿ ಕೊಡಿ. ಮೀನು ಕೊಡುವವರು ಬೂತಾಯಿಯ ಮುಳ್ಳನ್ನು ನಂಬಬೇಡಿ. ಬೆರಳಿನಲ್ಲಿ ಹಿಸುಕಿ ನೋಡಿದ ಬಂಗುಡೆಯ ಬೆನ್ನಿನ ಭಾಗ ಮಾತ್ರ.

ಕೆಮ್ಮುತ್ತಿರುವ ಮಗು ಉಸಿರಾಡುತ್ತಿದೆ, ಕೆಮ್ಮಲು ಬಿಡಿ. ಸದ್ದೇ ಇಲ್ಲದೆ ಬಾಯಿ ತೆರೆದು ತುಟಿ ನೀಲಿಯಾದರೆ ಮುಂದಕ್ಕೆ ಬಗ್ಗಿಸಿ ಭುಜಗಳ ನಡುವೆ ಅಂಗೈಯಿಂದ ಐದು ಹೊಡೆತ, ಆಮೇಲೆ ಹೊಟ್ಟೆಯ ಮೇಲ್ಭಾಗಕ್ಕೆ ಐದು ಒತ್ತು, ಮತ್ತೆ ಮೊದಲಿನಿಂದ. ವರ್ಷದೊಳಗಿನ ಶಿಶುವಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒತ್ತಬೇಕು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗೆ ಗಂಟಲೊಳಗೆ ಬೆರಳು ಹಾಕಿ ತಡಕಾಡುವುದು ಬೇಡ, ಅದು ಇನ್ನೂ ಒಳಗೆ ಹೋಗುತ್ತದೆ.

ಹಂತ 7: ಅಡುಗೆಮನೆ

ಬೆಂದ ಅಡುಗೆ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಹತ್ತಕ್ಕೆ ಮಾಡಿ ಮುಚ್ಚಿಟ್ಟ ಅನ್ನವನ್ನು ಒಂದಕ್ಕೆ ಬಡಿಸುವುದು ದೊಡ್ಡ ತಪ್ಪು; ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಡುಗೆ ಮುಗಿಯುವುದು 11.45ಕ್ಕೆ ಬರುವಂತೆ ಹಿಂದಕ್ಕೆ ಲೆಕ್ಕ ಹಾಕಿ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಆದ್ದರಿಂದ 10.30ಕ್ಕೆ ಒಲೆ ಹತ್ತಬೇಕು.

ತೆಂಗಿನಕಾಯಿ ಅರೆದು ಹಾಕಿದ ಮೇಲೆ ಚೆನ್ನಾಗಿ ಕುದಿಸಲೇಬೇಕು. ತಂಬುಳಿ, ಹಸಿ ಚಟ್ನಿ ಬಡಿಸುವ ಅರ್ಧ ಗಂಟೆ ಮೊದಲು ಮಾಡಿ. ಮಳೆಗಾಲದಲ್ಲಿ ಮಾಡದಿದ್ದರೂ ನಷ್ಟವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನೆಲಗಡಲೆಯನ್ನು ಹದಿನೈದು ದಿನಕ್ಕಾಗುವಷ್ಟು ಮಾತ್ರ ತನ್ನಿ. ಸುಕ್ಕಿದ, ಬೂಷ್ಟು ಹಿಡಿದ, ಕಹಿ ಕಾಳು ಒಂದು ಕಂಡರೂ ಇಡೀ ಪೊಟ್ಟಣ ಎಸೆಯಿರಿ.

ಬಾವಿನೀರನ್ನು ಕುದಿಸುತ್ತಾರೆ, ಆಮೇಲೆ ಮಕ್ಕಳಿಗೆ ಬಿಸಿಯಾಯಿತೆಂದು ಅದಕ್ಕೇ ಕೊಡದಿಂದ ಹಸಿನೀರು ಬೆರೆಸುತ್ತಾರೆ! ಕುದಿಸಿದ್ದೂ ವ್ಯರ್ಥ. ಹಿಂದಿನ ಸಂಜೆಯೇ ಕುದಿಸಿ, ಮುಚ್ಚಿ, ಆರಲು ಬಿಡಿ. ತೆಗೆಯಲು ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಇರುವ ಪಾತ್ರೆ ಬೇಕು. ಜೀರಿಗೆ ಹಾಕಿದ ನೀರು ಕುದಿದಿದೆ ಎಂಬುದಕ್ಕೆ ಬಣ್ಣ ಪುರಾವೆಯಲ್ಲ.

ಹಂತ 8: ಉಣಿಸುವುದು, ಬರೆದಿಡುವುದು

ಮೊದಲು ಅಳತೆಯ ಅರ್ಧ ಬಡಿಸಿ, ಕೇಳಿದರೆ ಉಳಿದರ್ಧ. 20–25 ನಿಮಿಷಕ್ಕೆ ತಟ್ಟೆ ಎತ್ತಿ, ಗದರಿಸದೆ. ಮೊಬೈಲ್ ತೋರಿಸಿ ಉಣಿಸಿದ ಮಗು ಎಷ್ಟು ಉಂಡಿತೆಂದು ತನಗೇ ತಿಳಿಯದೆ ಉಣ್ಣುತ್ತದೆ, ನಾಳೆ ಮೊಬೈಲ್ ಇಲ್ಲದೆ ಬಾಯಿ ತೆರೆಯುವುದಿಲ್ಲ. ಹೊಸ ಪದಾರ್ಥವನ್ನು ಪರಿಚಿತ ಪದಾರ್ಥದ ಪಕ್ಕ ಒಂದು ಚಮಚದಷ್ಟೇ ಹಾಕಿ. ಎಂಟು–ಹತ್ತು ಸಲ ಕಂಡ ಮೇಲೆ ಮುಟ್ಟುವ ಮಕ್ಕಳೂ ಇದ್ದಾರೆ.

ಪ್ರತಿದಿನ ಊಟವಾದ ಮೇಲೆ ಉಳಿದ ಅನ್ನ, ಉಳಿದ ಪದಾರ್ಥ, ಉಳಿದ ಪಲ್ಯವನ್ನು ಬೇರೆ ಬೇರೆ ತೂಗಿ ಪುಸ್ತಕದಲ್ಲಿ ಬರೆಯಿರಿ. ಎರಡು ನಿಮಿಷದ ಕೆಲಸ. ಎಲ್ಲವೂ ಉಳಿದರೆ ಹೊತ್ತು ತಪ್ಪಿದೆ, ಎರಡನೇ ಹಂತಕ್ಕೆ ಹೋಗಿ. ಪಲ್ಯ ಮಾತ್ರ ಉಳಿದರೆ ಅದನ್ನು ಬೇಳೆಯೊಳಗೆ ಬೇಯಿಸಿ. ಅನ್ನ ಮಾತ್ರ ಉಳಿದರೆ ಚಿಂತೆ ಬೇಡ, ಒಟ್ಟು ಅಕ್ಕಿಯಲ್ಲಿ 50 ಗ್ರಾಂ ಇಳಿಸಿ ಬೇಳೆ ಏರಿಸಿ. ಏನೂ ಉಳಿಯದೆ ಮಕ್ಕಳು ಮತ್ತೆ ಕೇಳಿದ ದಿನ ಎರಡು ಸತತ ಬಂದರೆ ಅಳತೆ ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿ.

ತಿಂಗಳಿಗೊಮ್ಮೆ, ಮಕ್ಕಳನ್ನು ತೂಗುವ ಒಂದೇ ತಕ್ಕಡಿಯಲ್ಲಿ (ಅಡುಗೆಮನೆಯದ್ದಲ್ಲ), ಊಟಕ್ಕೆ ಮೊದಲು, ಹಗುರ ಬಟ್ಟೆಯಲ್ಲಿ ಮಕ್ಕಳ ತೂಕ ನೋಡಿ. ಎರಡು ತಿಂಗಳು ತೂಕ ಏರದಿದ್ದರೆ, ಅಥವಾ ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಹೆತ್ತವರನ್ನು ಕರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. 11.5ಕ್ಕಿಂತ ಕೆಳಗಿದ್ದರೆ ಅದೇ ದಿನ. ಪುಸ್ತಕದ ಆ ತಿಂಗಳ ಪುಟಗಳ ಫೋಟೋ ತೆಗೆದು ಜತೆಗೆ ಕೊಟ್ಟರೆ ಡಾಕ್ಟರಿಗೆ ಮಗು ಏನು ತಿನ್ನುತ್ತದೆಂದು ಮತ್ತೆ ಕೇಳುವ ಕೆಲಸ ತಪ್ಪುತ್ತದೆ.